ಹುಳಿ, ಬೂದಿ, ಗೆರಟೆ: ಮನೆಯ ಸಾಮಾನಿಗೆ ಇನ್ನೊಂದು ಕೆಲಸ



ನಮ್ಮ ಕರಾವಳಿಯ ಹಳೆಯ ಅಡುಗೆಕೋಣೆಗಳಲ್ಲಿ ಉಪ್ಪಿನ ಭರಣಿಯೊಳಗೆ ಒಂದು ತೆಂಗಿನ ಗೆರಟೆಯ ಕೈಲು ಇರುತ್ತಿತ್ತು. ಕಬ್ಬಿಣ, ಹಿತ್ತಾಳೆಯ ಸೌಟುಗಳು ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದರೂ ಉಪ್ಪಿಗೆ ಮಾತ್ರ ಗೆರಟೆಯೇ ಆಗಬೇಕು. ಇದು ಬಡತನದಿಂದ ಬಂದ ಪದ್ಧತಿಯಲ್ಲ. ಮಳೆಗಾಲದಲ್ಲಿ ಕಲ್ಲುಪ್ಪು ಗಾಳಿಯ ತೇವವನ್ನು ಹೀರಿ ನೀರೊಡೆಯುತ್ತದೆ. ಆ ಉಪ್ಪುನೀರು ತಾಗಿದ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಹಸಿರು ಕಿಲುಬು ಕಟ್ಟುತ್ತದೆ. ಕಿಲುಬು ಹೊಟ್ಟೆಗೆ ಹೋದರೆ ವಿಷ. ಗೆರಟೆಯನ್ನು ಉಪ್ಪು ಏನೂ ಮಾಡದು. ಆ ಕೈಲನ್ನು ಮೊದಲು ಭರಣಿಗೆ ಹಾಕಿದ ಹೆಂಗಸು ಯಾರೋ, ಆಕೆಗೆ ಉಪ್ಪಿನ ಗುಣವೂ ಗೊತ್ತಿತ್ತು, ಗೆರಟೆಯ ಗುಣವೂ ಗೊತ್ತಿತ್ತು.

ಇವತ್ತಿನ ಮಾತಿನಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಒಂದು ಸಾಮಾನಿನ ಗುಣ ಎಷ್ಟು ಕೆಲಸಕ್ಕೆ ಒದಗುತ್ತದೋ ಅಷ್ಟೂ ಕೆಲಸ ಅದರದೇ. ಹುಣಸೆಹುಳಿ ಸಾರಿಗೆ, ಬೂದಿ ಗುಂಡಿಗೆ, ಪತ್ರಿಕೆ ಓದಿಗೆ ಎಂದು ನಾವು ಗೆರೆ ಎಳೆದುಕೊಂಡಿದ್ದೇವೆ. ನಮ್ಮ ಹಿರಿಯರು ಆ ಗೆರೆ ಎಳೆದಿರಲಿಲ್ಲ. ಅವರು ಮಾಡುತ್ತಿದ್ದುದಕ್ಕೆ ಕಾರಣವನ್ನೂ ಕೂಡಿಸಿ ನೋಡಿದರೆ, ಕೇಳಿದ ಉಪಾಯ ಮರೆತುಹೋದರೂ ಹೊಸ ಉಪಾಯ ನಮಗೇ ಹೊಳೆಯುತ್ತದೆ. ಹಾಗಾಗಿ ಒಂದೊಂದು ಗುಣವನ್ನು ಹಿಡಿದು ಮಾತಾಡುತ್ತೇನೆ.

ಮೊದಲು ಹುಳಿ. ಚೌತಿ, ದೀಪಾವಳಿ ಹತ್ತಿರ ಬಂದಾಗ ಮನೆಯ ಕಾಲುದೀಪ, ತಂಬಿಗೆ, ಹರಿವಾಣಗಳನ್ನು ಹುಣಸೆಹುಳಿ ಮತ್ತು ಉಪ್ಪು ಹಾಕಿ ತಿಕ್ಕುವುದು ಎಲ್ಲರಿಗೂ ಗೊತ್ತು. ಹಿತ್ತಾಳೆ, ತಾಮ್ರಗಳು ಕಪ್ಪಾಗುವುದು ಗಾಳಿಯ ಆಮ್ಲಜನಕ ಲೋಹದ ಮೇಲ್ಮೈಯೊಂದಿಗೆ ಸೇರಿ ಒಂದು ತೆಳುಪೊರೆ ಕಟ್ಟುವುದರಿಂದ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ. ಅದು ಈ ಪೊರೆಯನ್ನು ಕರಗಿಸುತ್ತದೆ. ಉಪ್ಪಿನ ಹರಳು ತಿಕ್ಕಲು ನೆರವಾಗುತ್ತದೆ, ಆಮ್ಲದ ಕೆಲಸವನ್ನೂ ಚುರುಕು ಮಾಡುತ್ತದೆ. ಇದಕ್ಕೆ ಹೊಸ ಹುಳಿ ಬೇಕಾಗಿಲ್ಲ. ಸಾರಿಗೆ ಹಿಂಡಿ ಉಳಿದ ಹುಣಸೆಯ ಚರಟ, ಶರಬತ್ತಿಗೆ ನೆನೆಹಾಕಿ ತೆಗೆದ ಪುನರ್ಪುಳಿಯ ಸಿಪ್ಪೆ, ರಸ ಹಿಂಡಿದ ಲಿಂಬೆಯ ಹೋಳು ಸಾಕು. ತಿಕ್ಕಿದ ಮೇಲೆ ಚೆನ್ನಾಗಿ ತೊಳೆದು, ಕೂಡಲೇ ಬಟ್ಟೆಯಿಂದ ಒರಸಬೇಕು. ಹುಳಿ ಹಾಗೇ ಉಳಿದರೆ ಮರುದಿನ ಅಲ್ಲಿಯೇ ಹಸಿರು ಕಲೆ ಏಳುತ್ತದೆ.

ಹಿತ್ತಿಲಿನಲ್ಲಿ ಬಿಂಬುಳಿ ಮರವಿರುವ ಮನೆಗಳು ಮಂಗಳೂರಿನಲ್ಲಿ ಇನ್ನೂ ಇವೆ. ಕಾಂಡಕ್ಕೇ ಗೊಂಚಲಾಗಿ ಅಂಟಿಕೊಂಡು ಬಿಡುವ ಕಾಯಿ ಅರ್ಧಕ್ಕರ್ಧ ಬುಡದಲ್ಲಿ ಉದುರಿ ಕೊಳೆಯುತ್ತದೆ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ತುಂಬ ಇದೆ, ಮತ್ತು ಕಬ್ಬಿಣದ ತುಕ್ಕನ್ನು ಕರಗಿಸುವುದರಲ್ಲಿ ಆಕ್ಸಾಲಿಕ್ ಆಮ್ಲ ಬಲು ಸಮರ್ಥ. ತುಕ್ಕು ಹಿಡಿದ ಮೆಟ್ಟುಕತ್ತಿಗೆ, ಹೆರೆಮಣೆಯ ನಾಲಗೆಗೆ ಜಜ್ಜಿದ ಬಿಂಬುಳಿ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿ. ತೊಳೆದು ಒರಸಿ, ಒಂದು ತೊಟ್ಟು ತೆಂಗಿನೆಣ್ಣೆ ಸವರಿಡಿ. ಉದುರಿದ ಕಾಯಿಗೂ ಒಂದು ಕೆಲಸ ಸಿಕ್ಕಿತು.

ಇನ್ನು ಮೀನು. ದಕ್ಕೆಯಿಂದ ಬಂಗುಡೆ, ಬೂತಾಯಿ ತಂದು ಕೊಯ್ದ ಮೇಲೆ ಕೈಯ ವಾಸನೆ ಸಾಬೂನಿಗೆ ಹೋಗುವುದಿಲ್ಲ. ಕಡಲ ಮೀನಿನ ಆ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲಮೀನ್ ಎಂಬ ಪದಾರ್ಥ. ಅದು ಕ್ಷಾರದ ಜಾತಿಯದು, ಸಾಬೂನೂ ಕ್ಷಾರದ ಕಡೆಯದು. ಹುಳಿ ತಾಗಿದರೆ ಮಾತ್ರ ಅದು ಗಾಳಿಗೆ ಹಾರದ ಲವಣವಾಗಿ ಬದಲಾಗಿ ನೀರಿನೊಡನೆ ತೊಳೆದು ಹೋಗುತ್ತದೆ. ಮೊದಲು ಹುಳಿ, ಆಮೇಲೆ ಸಾಬೂನು ಎಂಬ ಕ್ರಮವನ್ನು ಮೀನಿನ ಕತ್ತಿಗೂ, ಹಲಗೆಗೂ, ಸಿಂಕಿಗೂ ಇಟ್ಟುಕೊಳ್ಳಿ. ಮೀನಿನ ಸಾರಿಗೆ ನಾವು ಹುಣಸೆ ಅರೆದು ಹಾಕುವುದರಲ್ಲಿ ರುಚಿಯ ಜೊತೆಗೆ ಈ ಗುಣವೂ ಸೇರಿದೆ.

ಬೋರ್‌ವೆಲ್ ನೀರು ಬಳಸುವ ಫ್ಲ್ಯಾಟುಗಳಲ್ಲಿ ಕೆಟಲಿನ ತಳಕ್ಕೆ, ನಲ್ಲಿಯ ಬಾಯಿಗೆ ಬಿಳಿ ಹರಳು ಕಟ್ಟುತ್ತದೆ. ಅದು ಸುಣ್ಣದ ಜಾತಿಯದು. ಲಿಂಬೆರಸ ಹಾಕಿದ ನೀರನ್ನು ಅದೇ ಕೆಟಲಿನಲ್ಲಿ ಕುದಿಸಿ ಸ್ವಲ್ಪ ಹೊತ್ತು ಬಿಟ್ಟರೆ ಗುಳ್ಳೆಯೆದ್ದು ಬಿಟ್ಟುಕೊಳ್ಳುತ್ತದೆ. ಇದನ್ನು ನೋಡಿದವರಿಗೆ ಇನ್ನೊಂದು ಪಾಠವೂ ತಿಳಿಯಬೇಕು. ಅಮೃತಶಿಲೆಯೂ ಸುಣ್ಣದ ಜಾತಿಯ ಕಲ್ಲೇ. ಅಮೃತಶಿಲೆಯ ನೆಲದ ಮೇಲೆ, ಮೊಸಾಯಿಕಿನ ಮೇಲೆ ಲಿಂಬೆ ತಿಕ್ಕಿದರೆ ಕೊಳೆಯ ಜೊತೆಗೆ ಕಲ್ಲಿನ ಹೊಳಪೂ ಹೋಗುತ್ತದೆ. ಕೆಟಲಿಗೆ ಉಪಕಾರ ಮಾಡಿದ ಗುಣವೇ ನೆಲಕ್ಕೆ ಅಪಕಾರ.

ಎರಡನೆಯದು ಬೂದಿ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂನ ಕ್ಷಾರವಿದೆ. ಜಿಡ್ಡಿನ ಪಾತ್ರೆಗೆ ಒದ್ದೆ ಬೂದಿ ತಾಗಿದಾಗ ಆ ಜಿಡ್ಡೇ ಸ್ವಲ್ಪ ಮಟ್ಟಿಗೆ ಸಾಬೂನಾಗುತ್ತದೆ. ತೆಂಗಿನ ನಾರಿನ ಒಂದು ಮುಷ್ಟಿ, ಬೂದಿಯ ಒಂದು ಚಿಟಿಕೆ ಇದ್ದರೆ ತೊಳೆಯುವ ಸಾಮಾನು ಪೂರ್ತಿಯಾಯಿತು. ಇದು ಎಲ್ಲರೂ ಬಲ್ಲ ಉಪಯೋಗ. ಅಷ್ಟು ಜನ ಅರಿಯದ್ದು ಇನ್ನೊಂದಿದೆ: ಸೌದೆ ಒಲೆಗೆ ಪಾತ್ರೆ ಇಡುವ ಮೊದಲೇ ಅದರ ಹೊರತಳಕ್ಕೆ ಕಲಸಿದ ಬೂದಿ ಬಳಿಯುವುದು. ಮಸಿಯೆಲ್ಲ ಬೂದಿಯ ಮೇಲೆ ಕೂರುತ್ತದೆ, ತೊಳೆಯುವಾಗ ಬೂದಿಯೊಂದಿಗೆ ಇಳಿದು ಹೋಗುತ್ತದೆ. ಮನೆಯ ಸಮಾರಂಭಕ್ಕೆ ಅಂಗಳದಲ್ಲಿ ಒಲೆ ಹೂಡುವವರು ಇದನ್ನು ಇಂದೂ ಮಾಡಿ ನೋಡಬಹುದು. ಮುಗುಡಿನಂಥ ಜಾರುವ ಮೀನನ್ನು ಹಿಡಿದು ಕೊಯ್ಯಲು ಕೈಗೆ ಬೂದಿ ಮುಟ್ಟಿಸಿಕೊಳ್ಳುವುದು ಮತ್ತೊಂದು. ಅಲ್ಲಿ ಕೆಲಸಕ್ಕೆ ಬರುವುದು ಬೂದಿಯ ತರಿ ಮತ್ತು ಹೀರುವ ಗುಣ.

ಅಲಸಂದೆ, ಸೌತೆಗಳ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡುವಾಗ ಬೂದಿ ಕಲಸುತ್ತಿದ್ದರು. ಹುಳದ ಮೈಮೇಲೆ ತೇವ ಕಾಯುವ ಮೇಣದ ಒಂದು ಪೊರೆ ಇರುತ್ತದೆ. ನಯವಾದ ಬೂದಿ ಅದನ್ನು ಗೀರಿ, ಹೀರಿ, ಹುಳವನ್ನು ಒಣಗಿಸಿಬಿಡುತ್ತದೆ. ಬಸಳೆಯ ಚಪ್ಪರದ ಬುಡಕ್ಕೆ, ಬಾಳೆಯ ಬುಡಕ್ಕೆ ಹಾಕಿದ ಬೂದಿ ಗೊಬ್ಬರವೂ ಹೌದು. ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಸುಟ್ಟ ಬೂದಿಯನ್ನು ಮಾತ್ರ ಪಾತ್ರೆಗೂ ಗಿಡಕ್ಕೂ ಮುಟ್ಟಿಸಬಾರದು. ಅಲ್ಯೂಮಿನಿಯಂ ಪಾತ್ರೆಗೂ ಬೂದಿ ಸಲ್ಲದು, ಕ್ಷಾರ ಆ ಲೋಹವನ್ನು ತಿನ್ನುತ್ತದೆ.

ನಗರದಲ್ಲಿ ಈಗ ಬೂದಿ ಎಲ್ಲಿ ಎಂದು ನೀವು ಕೇಳಬಹುದು. ಅದರ ಜಾಗಕ್ಕೆ ಅಡುಗೆ ಸೋಡಾ ಬರುತ್ತದೆ. ಅದು ಸೌಮ್ಯವಾದ ಕ್ಷಾರ. ಹಾಲು ತಳ ಹಿಡಿದ ಸ್ಟೀಲ್ ಪಾತ್ರೆಯಲ್ಲಿ ನೀರು, ಎರಡು ಚಮಚ ಸೋಡಾ ಹಾಕಿ ಕುದಿಸಿದರೆ ಕರಕಲು ಸಡಿಲವಾಗುತ್ತದೆ. ಒಂದು ಮಾತು ನೆನಪಿಡಿ. ಸೋಡಾವನ್ನೂ ವಿನೆಗರನ್ನೂ ಒಟ್ಟಿಗೆ ಸುರಿದರೆ ಭುಸುಗುಟ್ಟಿ ನೊರೆ ಬರುತ್ತದೆ, ದೊಡ್ಡ ಕೆಲಸ ನಡೆದ ಹಾಗೆ ತೋರುತ್ತದೆ. ನಿಜದಲ್ಲಿ ಹುಳಿ ಮತ್ತು ಕ್ಷಾರ ಒಂದನ್ನೊಂದು ತಿಂದುಹಾಕುತ್ತವೆ, ಉಳಿಯುವುದು ಬಹುಮಟ್ಟಿಗೆ ಉಪ್ಪಾದ ನೀರು. ಎರಡನ್ನೂ ಬೇರೆ ಬೇರೆಯಾಗಿ ಬಳಸಿದರೆ ಎರಡರ ಗುಣವೂ ಸಿಗುತ್ತದೆ.

ಹುಳಿಯೂ ಬೇಡ, ಬಲವಾದ ಕ್ಷಾರವೂ ಬೇಡ ಎನ್ನುವ ವಸ್ತುಗಳಿವೆ. ರೇಷ್ಮೆ ಅಂಥದ್ದು. ರೇಷ್ಮೆಯ ಎಳೆ ಹುಳುವಿನ ಮೈಯಿಂದ ಬಂದ ಪ್ರೋಟೀನು, ಬಟ್ಟೆ ಒಗೆಯುವ ಸೋಡಾ ಅದನ್ನು ಸವೆಸುತ್ತದೆ. ಅದಕ್ಕೇ ಧಾರೆ ಸೀರೆಗೆ ಅಂಟುವಾಳ. ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ ನೊರೆ ಕೊಡುತ್ತದೆ, ಕೊಳೆ ಬಿಡಿಸುತ್ತದೆ, ಎಳೆಯನ್ನು ಕಾಡುವುದಿಲ್ಲ. ಅದೇ ನೀರಿನಲ್ಲಿ ಚಿನ್ನದ ಸರ, ಬಳೆಗಳನ್ನೂ ಮೆತ್ತಗಿನ ಬ್ರಷ್ಷಿನಲ್ಲಿ ತೊಳೆಯಬಹುದು. ಬೀಜ ತೆಗೆದು ಸಿಪ್ಪೆಯನ್ನು ಒಣಗಿಸಿಟ್ಟರೆ ವರ್ಷಗಟ್ಟಲೆ ಇರುತ್ತದೆ.

ಬಟ್ಟೆಯ ಮಾತು ಬಂದಾಗ ಅರಶಿನದ ಕಲೆಯನ್ನು ಹೇಳದೆ ಮುಂದೆ ಹೋಗಲಾರೆ. ಬಿಳಿ ಮುಂಡಿನ ಮೇಲೆ ಸಾಂಬಾರು ಚೆಲ್ಲಿದ ಹಳದಿ ಕಲೆಗೆ ಸಾಬೂನು ಹಚ್ಚಿದ ಕೂಡಲೇ ಅದು ಕೆಂಪಾಗುತ್ತದೆ, ಹೆದರಿ ಇನ್ನಷ್ಟು ತಿಕ್ಕುತ್ತೇವೆ. ಹೆದರಬೇಕಾಗಿಲ್ಲ. ಆರತಿಗೆ ಅರಶಿನ, ಸುಣ್ಣ ಸೇರಿಸಿ ಕುರ್ದಿ ಮಾಡುವವರು ಈ ಕೆಂಪನ್ನು ಚೆನ್ನಾಗಿ ಬಲ್ಲರು. ಕ್ಷಾರ ತಾಗಿದರೆ ಅರಶಿನ ಕೆಂಪಾಗುತ್ತದೆ, ಕ್ಷಾರ ಹೋದರೆ ಮತ್ತೆ ಹಳದಿಯಾಗುತ್ತದೆ. ಅರಶಿನದ ಬಣ್ಣಕ್ಕೆ ನಿಜವಾದ ಶತ್ರು ಬಿಸಿಲು. ಬಟ್ಟೆಯನ್ನು ಒಗೆದು, ಕಲೆಯ ಭಾಗ ಸೂರ್ಯನಿಗೆ ಮುಖ ಮಾಡುವ ಹಾಗೆ ಹರವಿ. ಒಂದೆರಡು ಬಿಸಿಲಿಗೆ ಬಣ್ಣ ತಾನೇ ಮಾಸುತ್ತದೆ. ಮಳೆಯ ಆಟಿ ತಿಂಗಳಲ್ಲಿ ಕಲೆಯಾದರೆ, ಬಿಸಿಲು ಬರುವ ತನಕ ತಾಳ್ಮೆ ಬೇಕು.

ಮೂರನೆಯದು ಎಣ್ಣೆ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುವುದನ್ನು ನಮ್ಮೂರಿನ ಮಕ್ಕಳೂ ಬಲ್ಲರು. ಹಲಸಿನ ಮಯಣ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಬಿಟ್ಟುಕೊಳ್ಳುತ್ತದೆ. ಈ ಒಂದು ಗುಣವನ್ನು ಹಲಸಿನಿಂದ ಆಚೆಗೆ ಒಯ್ಯಿರಿ. ಹೊಸ ಸ್ಟೀಲ್ ತಟ್ಟೆಯ ಮೇಲಿನ ಸ್ಟಿಕರಿನ ಅಂಟು, ಗಾಜಿನ ಬಾಟಲಿಯ ಲೇಬಲಿನ ಅಂಟು, ಮಗುವಿನ ಕೂದಲಿಗೆ ಹತ್ತಿದ ಚ್ಯೂಯಿಂಗ್ ಗಮ್, ಇವೆಲ್ಲಕ್ಕೂ ತೆಂಗಿನೆಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರಸಿದರೆ ಸಾಕು, ಕೂದಲು ಕತ್ತರಿಸುವ ಅಗತ್ಯವಿಲ್ಲ.

ಆದರೆ ಬೀಗಕ್ಕೆ, ಹೊಲಿಗೆ ಯಂತ್ರಕ್ಕೆ ತೆಂಗಿನೆಣ್ಣೆ ಹಾಕಬೇಡಿ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಮಂಗಳೂರಿನಲ್ಲಿಯೂ ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲಿ ಎಣ್ಣೆ ಹೆಪ್ಪುಗಟ್ಟುವುದನ್ನು ನೋಡಿದ್ದೀರಿ. ಬಿಗಿಯಾದ ಬೀಗಕ್ಕೆ ಶಾಲೆಯ ಪೆನ್ಸಿಲು ಒಳ್ಳೆಯದು. ಪೆನ್ಸಿಲಿನ ಒಳಗಿರುವ ಗ್ರಾಫೈಟ್ ಪದರ ಪದರವಾಗಿ ಜಾರುವ ವಸ್ತು. ಬೀಗದ ಕೈಯ ಹಲ್ಲುಗಳ ಮೇಲೆ ಪೆನ್ಸಿಲಿನಿಂದ ಗೀಚಿ ನಾಲ್ಕು ಸಲ ಬೀಗದಲ್ಲಿ ತಿರುಗಿಸಿ. ಮಕ್ಕಳ ಶಾಲಾಚೀಲದ ಲೋಹದ ಜಿಪ್ ಸಿಕ್ಕಿಕೊಂಡರೂ ಇದೇ ಮದ್ದು. ಮಳೆಗಾಲದಲ್ಲಿ ಉಬ್ಬಿ ಕೂತ ಮರದ ಡ್ರಾಯರಿನ ಅಂಚಿಗೆ ಒಂದು ಮೋಂಬತ್ತಿ ತುಂಡು ಉಜ್ಜಿ.

ಮಳೆಗಾಲ ಎಂದೆ. ನಮ್ಮ ಊರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬರುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಹಾಗಾಗಿ ಮಂಗಳೂರಿನ ಮನೆವಾರ್ತೆಯ ಅರ್ಧ ಜಾಣ್ಮೆ ತೇವದ ಜೊತೆ ಹೋರಾಡುವುದರಲ್ಲಿಯೇ ಇದೆ. ಹೀರುವ ಗುಣವುಳ್ಳ ಸಾಮಾನುಗಳು ಇಲ್ಲಿ ಬೆಲೆಯುಳ್ಳವು. ಪುಡಿ ಉಪ್ಪಿನ ಕುಪ್ಪಿಗೆ ಒಂದು ಚಮಚ ಹುರಿದ ಅಕ್ಕಿ ಹಾಕಿಡುವುದು ಅದಕ್ಕೇ. ಹುರಿದಾಗ ಅಕ್ಕಿಯ ಒಳಗಿನ ತೇವ ಹೋಗಿರುತ್ತದೆ, ಅದು ಉಪ್ಪಿನ ಸುತ್ತಲಿನ ತೇವವನ್ನು ಎಳೆದುಕೊಳ್ಳುತ್ತದೆ. ಬೆಳ್ಳಿಯ ಕುಂಕುಮ ಭರಣಿ, ಕಾಲ್ಗೆಜ್ಜೆಗಳ ಪೆಟ್ಟಿಗೆಯಲ್ಲಿ ಎರಡು ಸೀಮೆಸುಣ್ಣದ ತುಂಡು ಇಟ್ಟರೆ ಕಪ್ಪಾಗುವುದು ತಡವಾಗುತ್ತದೆ.

ಗೆರಟೆಯ ಇದ್ದಿಲು ಇವೆಲ್ಲಕ್ಕಿಂತ ದೊಡ್ಡದು. ಗೆರಟೆ ಸುಟ್ಟ ಇದ್ದಿಲಿನೊಳಗೆ ಕಣ್ಣಿಗೆ ಕಾಣದ ರಂಧ್ರಗಳು ಲೆಕ್ಕವಿಲ್ಲದಷ್ಟು. ವಾಸನೆಯ ಕಣಗಳು ಅವುಗಳಲ್ಲಿ ಸಿಕ್ಕಿಕೊಳ್ಳುತ್ತವೆ. 1918ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ, ವಿಷಾನಿಲದಿಂದ ಸೈನಿಕರನ್ನು ಕಾಯುವ ಮುಖವಾಡಗಳಿಗೆ ಬೇಕೆಂದು ಅಮೆರಿಕದಲ್ಲಿ ತೆಂಗಿನ ಗೆರಟೆ, ಹಣ್ಣಿನ ಓಟೆಗಳನ್ನು ಹುಡುಕಿ ಒಟ್ಟುಮಾಡಿದರು. ಇಂದು ನೀರು ಶುದ್ಧಗೊಳಿಸುವ ಯಂತ್ರಗಳ ಒಳಗಿರುವ ಇದ್ದಿಲೂ ಅನೇಕ ಕಡೆ ಗೆರಟೆಯದೇ. ನಾವು ಮನೆಯಲ್ಲಿ ಮಾಡುವ ಇದ್ದಿಲಿಗೆ ಅಷ್ಟು ಶಕ್ತಿಯಿಲ್ಲದಿದ್ದರೂ ಬಟ್ಟೆಯ ಕಪಾಟಿನ ಮುಗ್ಗುಲು ವಾಸನೆಗೆ, ಚಪ್ಪಲಿ ಗೂಡಿಗೆ, ಫ್ರಿಜ್ಜಿಗೆ ಅದು ಸಾಕಾಗುತ್ತದೆ. ಹತ್ತಿಬಟ್ಟೆಯಲ್ಲಿ ಕಟ್ಟಿ ಒಂದು ಮೂಲೆಯಲ್ಲಿಡಿ, ಆಗಾಗ ಬಿಸಿಲಿಗೆ ಹಾಕಿ ಮತ್ತೆ ಬಳಸಿ. ಗೆರಟೆಯ ಕೆಂಡ ನಿಧಾನವಾಗಿ, ಹೆಚ್ಚು ಕಾವಿನಿಂದ ಉರಿಯುತ್ತದೆ. ಇಸ್ತ್ರಿ ಅಂಗಡಿಯವರು ಅದನ್ನು ಮೆಚ್ಚುವುದು ಇದೇ ಕಾರಣಕ್ಕೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ಮರಕ್ಕೆ ಕಟ್ಟಿದ ಗೆರಟೆಗಳೂ ಹಾಲು ಹಿಡಿಯುವ ಬಟ್ಟಲುಗಳಾಗಿವೆ.

ಹೀರುವ ಗುಣದಲ್ಲಿ ಪತ್ರಿಕೆಗೂ ಪಾಲಿದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ನಮ್ಮ ಊರಿನಿಂದಲೇ. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು, ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಆ ಪತ್ರಿಕೆ ಹುಟ್ಟಿದ ಜುಲೈ ತಿಂಗಳಲ್ಲಿಯೇ ಇಲ್ಲಿ ಹಳೆಯ ಪತ್ರಿಕೆಗೆ ಕೆಲಸ ಹೆಚ್ಚು. ಮಕ್ಕಳ ಒದ್ದೆ ಶೂಗಳೊಳಗೆ ಉಂಡೆ ಮಾಡಿ ತುರುಕಿ, ಮಲಗುವ ಮೊದಲು ಒಮ್ಮೆ ಬದಲಿಸಿದರೆ ಬೆಳಗ್ಗೆ ತೇವ ಬಹಳ ಮಟ್ಟಿಗೆ ಇಳಿದಿರುತ್ತದೆ. ಕಿಟಕಿಯ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರಸಿ, ಕೊನೆಗೆ ಪತ್ರಿಕೆಯಲ್ಲಿ ಉಜ್ಜಿದರೆ ಎಳೆ ಉಳಿಯದೆ ಸ್ವಚ್ಛವಾಗುತ್ತದೆ. ಒಂದು ಕೆಲಸ ಮಾತ್ರ ಪತ್ರಿಕೆಗೆ ಕೊಡಬಾರದು. ಬಿಸಿ ಗೋಳಿಬಜೆಯನ್ನು, ಹುರಿದ ಮೀನನ್ನು ಅದರ ಮೇಲೆ ಹಾಕಬಾರದು. ಎಣ್ಣೆ ಅಚ್ಚಿನ ಮಸಿಯನ್ನು ಎಳೆದುಕೊಳ್ಳುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ 2016ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಅದಕ್ಕೆ ಬಾಳೆಲೆ ಇದೆ, ತೇಗದ ಎಲೆ ಇದೆ.

ಎಲೆಯ ವಿಷಯದಲ್ಲಿ ಕರಾವಳಿಯವರು ಬೇರೆ ಊರಿನವರಿಗೆ ಪಾಠ ಹೇಳಬಲ್ಲರು. ನಾಲ್ಕು ಹಲಸಿನ ಎಲೆಯನ್ನು ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಹೆಣೆದರೆ ಕೊಟ್ಟಿಗೆ ಎಂಬ ಕಡುಬು ಬೇಯಿಸುವ ಪಾತ್ರೆ. ಮುಂಡಕದ ಓಲೆಯನ್ನು ಸುರುಳಿ ಸುತ್ತಿದರೆ ಮೂಡೆಯ ಅಚ್ಚು. ಅರಶಿನದ ಎಲೆಯಲ್ಲಿ ಗಟ್ಟಿ ಬೇಯಿಸಿದರೆ ಎಲೆಯೇ ಪಾತ್ರೆ, ಎಲೆಯೇ ಪರಿಮಳ. ಅಡಿಕೆಯ ಹಾಳೆ ಮುಟ್ಟಾಳೆಯಾಗಿ ತಲೆಯ ಮೇಲೆ ಕೂತಿದೆ, ಬೀಸಣಿಗೆಯಾಗಿದೆ, ಊಟದ ತಟ್ಟೆಯಾಗಿದೆ, ಮಕ್ಕಳನ್ನು ಕೂರಿಸಿ ಅಂಗಳದಲ್ಲಿ ಎಳೆಯುವ ಬಂಡಿಯಾಗಿದೆ. ಹಸುಗೂಸನ್ನು ಹಾಳೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸುವ ರೂಢಿಯೂ ಇತ್ತು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯದಲ್ಲಿ, ಪಿಲಿಕುಳದ ಗುತ್ತುಮನೆಯಲ್ಲಿ ಹಳೆಯ ಮನೆಬಳಕೆಯ ವಸ್ತುಗಳನ್ನು ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋದಾಗ ಇದೇನು ಎಂದಷ್ಟೇ ಕೇಳಬೇಡಿ, ಇದನ್ನು ಇದರಿಂದಲೇ ಏಕೆ ಮಾಡಿದರು ಎಂದು ಕೇಳಿ. ಹಾಳೆ ಹಗುರ, ನೀರು ಇಳಿಯಗೊಡುವುದಿಲ್ಲ, ಬಾಗಿಸಿದರೆ ಬಾಗುತ್ತದೆ. ಈ ಮೂರು ಗುಣದಿಂದ ಅಷ್ಟೂ ವಸ್ತುಗಳು ಹುಟ್ಟಿವೆ.

ಕುಚ್ಚಲಕ್ಕಿಯ ಗಂಜಿ ತೆಳಿಯನ್ನು ಸಿಂಕಿಗೆ ಚೆಲ್ಲುವ ಮೊದಲು ಒಂದು ಕ್ಷಣ ನಿಲ್ಲಿ. ಅದರಲ್ಲಿ ಪಿಷ್ಟವಿದೆ, ಪಿಷ್ಟ ಒಣಗಿದರೆ ಗಟ್ಟಿಯಾಗುತ್ತದೆ. ನೀರು ಬೆರೆಸಿದ ತೆಳಿಯಲ್ಲಿ ಅದ್ದಿದ ಹತ್ತಿ ಸೀರೆ, ಮುಂಡು ಇಸ್ತ್ರಿಗೆ ಚೆನ್ನಾಗಿ ನಿಲ್ಲುತ್ತದೆ. ಹೊಸ ಮಣ್ಣಿನ ಅಳಗೆ ತಂದರೆ ಮೀನಿನ ಸಾರಿಗೆ ಇಡುವ ಮೊದಲು ಅದರಲ್ಲಿ ತೆಳಿಯನ್ನು ನಿಧಾನ ಉರಿಯಲ್ಲಿ ಕುದಿಸುತ್ತಾರೆ. ಮಣ್ಣಿನ ಸಣ್ಣ ರಂಧ್ರಗಳಲ್ಲಿ ಪಿಷ್ಟ ತುಂಬಿಕೊಂಡು ಅಳಗೆ ಸೋರುವುದು ನಿಲ್ಲುತ್ತದೆ. ಹಿಂದಿನವರು ಇದಕ್ಕೆ ಬೇರೆ ಯಾವ ಲೇಪವನ್ನೂ ಹುಡುಕಿ ಹೋಗಲಿಲ್ಲ. ತಣಿದ ತೆಳಿ ಗಿಡಗಳಿಗೂ ಆಗುತ್ತದೆ, ಉಪ್ಪು ಹಾಕಿರಬಾರದು ಅಷ್ಟೆ.

ನಮ್ಮ ನಗರದ ದೊಡ್ಡ ಉದ್ಯಮಗಳೂ ಇದೇ ದಾರಿಯಲ್ಲಿ ನಡೆದಿವೆ. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣಿನ ಗುಣವನ್ನು ಕಂಡು ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1860ರ ದಶಕದಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮಂಗಳೂರು ಹಂಚು ಎಂಬ ಹೆಸರು ದೇಶದಾಚೆಗೂ ಹೋಯಿತು. ಇಂದು ಹಳೆಯ ಮನೆ ಕೆಡವಿದಾಗ ಆ ಹಂಚುಗಳು ರಾಶಿ ಬೀಳುತ್ತವೆ. ಒಡೆದ ಚೂರುಗಳು ಹೂಕುಂಡದ ತಳಕ್ಕೆ ಒಳ್ಳೆಯವು, ತೂತನ್ನು ಮಣ್ಣು ಮುಚ್ಚದ ಹಾಗೆ ತಡೆದು ನೀರನ್ನು ಹೊರಗೆ ಬಿಡುತ್ತವೆ. ನೆಲದಲ್ಲಿ ನಿಲ್ಲಿಸಿ ಹೂತ ಹಂಚುಗಳು ಹೂಗಿಡದ ಪಾತಿಗೆ ಗಟ್ಟಿ ಅಂಚಾಗುತ್ತವೆ. ಗೇರುಬೀಜದ ಕಾರ್ಖಾನೆಗಳಲ್ಲಿ ತಿರುಳು ತೆಗೆದು ಉಳಿದ ಸಿಪ್ಪೆಯಿಂದ ಎಣ್ಣೆ ತೆಗೆಯುತ್ತಾರೆ. ಮೀನುಗಾರರು ಮರದ ದೋಣಿಗೆ ಬಳಿದದ್ದು, ಮನೆಯವರು ಗೆದ್ದಲು ಹಿಡಿಯದಂತೆ ಮಾಡಿನ ಮರಕ್ಕೆ ಬಳಿದದ್ದು ಅದನ್ನೇ. ಇಂದು ವಾಹನಗಳ ಬ್ರೇಕಿನ ಲೈನಿಂಗಿಗೂ ಅದು ಹೋಗುತ್ತದೆ. ಅದು ಚರ್ಮವನ್ನು ಸುಡುವ ಎಣ್ಣೆ, ಬರಿಗೈಯಲ್ಲಿ ಮುಟ್ಟುವಂಥದ್ದಲ್ಲ.

ಎಚ್ಚರಿಕೆಯ ಮಾತುಗಳನ್ನು ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಗುಣ ಬಲ್ಲವರು ದೋಷವನ್ನೂ ಬಲ್ಲವರಾಗಿರಬೇಕು. ಬ್ಲೀಚಿಂಗ್ ಪೌಡರಿನ ಜೊತೆ ಶೌಚಾಲಯ ತೊಳೆಯುವ ಆಮ್ಲವನ್ನಾಗಲಿ, ಲಿಂಬೆ, ವಿನೆಗರನ್ನಾಗಲಿ ಸೇರಿಸಲೇಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಸೀಮೆಎಣ್ಣೆ, ಫಿನಾಯಿಲು, ಆಮ್ಲ ತುಂಬಿಡಬೇಡಿ. ಮಗುವಿಗೆ ಆ ಬಾಟಲಿ ಎಂದರೆ ಕುಡಿಯುವ ವಸ್ತು. ಕೀಟನಾಶಕ ಬಂದ ಡಬ್ಬಕ್ಕೆ ಎರಡನೆಯ ಕೆಲಸವೇ ಇಲ್ಲ, ಎಷ್ಟು ತೊಳೆದರೂ ಇಲ್ಲ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಬೆಣ್ಣೆ, ಹಿಟ್ಟು ಹಚ್ಚಬೇಡಿ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಗಾಯ ದೊಡ್ಡದಿದ್ದರೆ ವೈದ್ಯರಲ್ಲಿಗೆ ಹೋಗಿ. ಇನ್ನೊಂದು, ನಮ್ಮ ಊರಿಗೇ ಸಂಬಂಧಿಸಿದ್ದು. ಮಲೇರಿಯ, ಡೆಂಗಿಯ ಕಷ್ಟ ಕಂಡ ಊರು ನಮ್ಮದು. ಆಮೇಲೆ ಬಳಸುತ್ತೇನೆಂದು ಅಂಗಳದಲ್ಲಿ ಇಟ್ಟ ಗೆರಟೆ, ಬೊಂಡದ ಚಿಪ್ಪು, ಹಳೆಯ ಟಯರು, ಡಬ್ಬಗಳಲ್ಲಿ ಮಳೆನೀರು ನಿಂತರೆ ಸೊಳ್ಳೆ ಮರಿಮಾಡುತ್ತದೆ. ಎತ್ತಿಡುವುದಾದರೆ ಸೂರಿನ ಅಡಿಯಲ್ಲಿ, ಕವುಚಿ ಇಡಿ.

ಇಷ್ಟೆಲ್ಲ ಏಕೆ, ಅಂಗಡಿಗೆ ಹೋದರೆ ಎಲ್ಲಕ್ಕೂ ಒಂದೊಂದು ಬಾಟಲಿ ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ಆ ಬಾಟಲಿ ಖಾಲಿಯಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಂಗಳೂರಿನವರಾದ ನಾವು ಮರೆಯಬಾರದು. 2019ರ ಆಗಸ್ಟಿನ ಮಳೆಯಲ್ಲಿ ಪಚ್ಚನಾಡಿಯ ಕಸದ ರಾಶಿ ಕುಸಿದು ಕೆಳಗಿನ ಮಂದಾರ ಪ್ರದೇಶಕ್ಕೆ ಹರಿಯಿತು. ಮನೆಗಳು, ತೆಂಗು ಕಂಗಿನ ತೋಟಗಳು ಅದರ ಅಡಿಗೆ ಹೋದವು, ತಲೆಮಾರುಗಳಿಂದ ಅಲ್ಲಿ ಬಾಳಿದವರು ಮನೆ ಬಿಟ್ಟು ಹೋಗಬೇಕಾಯಿತು. ಆ ರಾಶಿ ಬೇರೆಲ್ಲಿಂದಲೋ ಬಂದದ್ದಲ್ಲ. ಕದ್ರಿ, ಉರ್ವ, ಕಂಕನಾಡಿ, ಬಂದರು, ಹಂಪನಕಟ್ಟೆಯ ನಮ್ಮ ಮನೆ, ಅಂಗಡಿಗಳಿಂದ ಹೋದದ್ದು. ಪೇಟೆಯಲ್ಲಿ ಕೂತ ನಾವು ಬಿಸಾಡಿದ್ದಕ್ಕೆ ಅವರು ತೋಟ ಕಳೆದುಕೊಂಡರು. ಒಂದು ಗೆರಟೆಯಿಂದ, ಒಂದು ಲಿಂಬೆಯ ಹೋಳಿನಿಂದ ಆ ನಷ್ಟ ತುಂಬುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಕೊಳ್ಳುವ ಮೊದಲು, ಎಸೆಯುವ ಮೊದಲು ಒಮ್ಮೆ ಯೋಚಿಸುವ ಅಭ್ಯಾಸ ಸಾವಿರಾರು ಮನೆಗಳಲ್ಲಿ ಬೆಳೆದರೆ ಲಾರಿಗೆ ಬೀಳುವ ಹೊರೆ ಇಳಿದೇ ಇಳಿಯುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಅತ್ತೆ ಯಾರಾದರೂ ಹಿರಿಯರಿದ್ದರೆ ಈ ವಾರ ಅವರ ಹತ್ತಿರ ಕೂತು, ಅವರು ಬಲ್ಲ ಇಂಥ ಉಪಯೋಗಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ತುಳುವಿನಲ್ಲೋ, ಕೊಂಕಣಿಯಲ್ಲೋ, ಬ್ಯಾರಿ ಭಾಷೆಯಲ್ಲೋ, ಕನ್ನಡದಲ್ಲೋ ಅವರು ಹೇಳಿದ ಹಾಗೆಯೇ ಬರೆಯಿರಿ. ಪುಟದ ಇನ್ನೊಂದು ಬದಿಯನ್ನು ಖಾಲಿ ಬಿಡಿ. ಅಲ್ಲಿ ಅದರ ಕಾರಣವನ್ನು ಬರೆಯುವ ಕೆಲಸ ಶಾಲೆಗೆ ಹೋಗುವ ಮಕ್ಕಳದಾಗಲಿ. ಅವರು ವಿಜ್ಞಾನದ ಪಾಠದಲ್ಲಿ ಆಮ್ಲ, ಕ್ಷಾರ, ಪಿಷ್ಟ ಎಂದು ಓದುವುದು ಇವನ್ನೇ. ಸರಿಯೆನಿಸಿದ್ದನ್ನು ಮಾಡಿ ನೋಡಲಿ, ತಪ್ಪೆಂದು ಕಂಡದ್ದನ್ನು ಧೈರ್ಯವಾಗಿ ಹೊಡೆದುಹಾಕಲಿ. ಹಿರಿಯರ ಅನುಭವವೂ ಮಕ್ಕಳ ಪರೀಕ್ಷೆಯೂ ಒಂದೇ ಪುಟದಲ್ಲಿ ಕೂಡಿದ ಅಂಥ ಪುಸ್ತಕ ಮಂಗಳೂರಿನ ಪ್ರತಿ ಮನೆಯಲ್ಲಿ ಇರಬೇಕೆಂಬುದು ನನ್ನ ಆಸೆ.